ನಾಲ್ಕರ ಗಂಟೆಗೆ ನಡೆಯುವವರು

ನಮ್ಮೂರಲ್ಲಿ ಸಂಜೆ ನಾಲ್ಕರ ಗಂಟೆ ಹೊಡೆಯುವಾಗ ಯಾರೂ ಹಿಂದಿನ ಗೋಡೆಗೆ ಒರಗಿ ಕೂರುವುದಿಲ್ಲ. ಮದುವೆಯಾಗಿ ಬಂದ ಸೊಸೆಗೆ ಅತ್ತೆ ಹೇಳಿಕೊಡುವ ಮೊದಲ ಪಾಠ ಅದು. ನಮ್ಮತ್ತೆಯೂ ಹೇಳಿದ್ದರು. ನಾನು ಯಾರ ಮಾತು ಕೇಳಿದವಳು? ಒರಗಿ ಕೂತು ಕಾಫಿ ಕುಡಿಯುತ್ತಿದ್ದೆ, ಗಂಟೆ ಹೊಡೆಯಿತು, ಗೋಡೆ ಹಿಂದಕ್ಕೆ ಹೋಯಿತು, ನಾನು ಲೋಟದ ಸಮೇತ ಅಂಗಾತ ಬಿದ್ದೆ. ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಊರ ಆಪೀಸಿನ ಸರ್ವರ್ ಕೋಣೆಯಲ್ಲಿ ಊರಿನ ಲೆಕ್ಕವಿಡುವ ಕಂಪ್ಯೂಟರಿನ ಒಂದು ಡಿಸ್ಕಿದೆ. ಅದರಲ್ಲಿ ಪ್ರತಿ ಮನೆಗೂ ಒಂದು ಪಾಲು. ಡಿಸ್ಕಿನಲ್ಲಿ ನಿಮ್ಮ ಪಾಲು ಎಷ್ಟೋ, ಗುಡ್ಡದ ಮೇಲೆ ನಿಮ್ಮ ಮನೆ ಅಷ್ಟು. ಪಾಲು ಹೆಚ್ಚಾದರೆ ಹಿಂದಿನ ಗೋಡೆ ಗುಡ್ಡದ ಕಡೆಗೆ ಸರಿಯುತ್ತದೆ, ಕಡಿಮೆಯಾದರೆ ಬಾಗಿಲ ಕಡೆಗೆ ಬರುತ್ತದೆ. ಮೊರದಿಂದ ಅಕ್ಕಿ ಸುರಿದಂಥ ಸದ್ದು, ಅಷ್ಟೇ. ಹಾಗಾಗಿ ನಮ್ಮಲ್ಲಿ ಹಿಂದಿನ ಗೋಡೆಗೆ ಮೊಳೆ ಹೊಡೆಯುವವರಿಲ್ಲ, ಕ್ಯಾಲೆಂಡರು ಪಕ್ಕದ ಗೋಡೆಗೇ. ಮಂಚಕ್ಕೆ ಚಕ್ರ ಇರುತ್ತದೆ. ಗೋಡೆ ಹಿಂದೆ ಹೋದ ದಿನ ಮನೆಯಲ್ಲಿ ಪಾಯಸ, ಮುಂದೆ ಬಂದ ದಿನ ತಿಳಿಸಾರು.

ಇನ್ನೊಂದು ವಿಷಯ ಹೇಳಿಬಿಡಬೇಕು. ನಮ್ಮೂರಿನ ಬೀದಿಗಳೆಲ್ಲ ಮೆಟ್ಟಿಲು. ಹಾಲಿನವನು ಬರುವುದು ಮೆಟ್ಟಿಲು ಹತ್ತಿ, ಹೆಣ ಹೋಗುವುದು ಮೆಟ್ಟಿಲು ಇಳಿದು. ಸಮತಟ್ಟಾದ ನೆಲ ಅಂತ ಇದ್ದರೆ ಅದು ಮನೆಯೊಳಗೆ ಮಾತ್ರ. ಈ ಕತೆಗೆ ಅದು ಬೇಕು.

ನಾನು ಬಂದ ಕಾಲಕ್ಕೆ ಡಿಸ್ಕು ನೋಡಿಕೊಳ್ಳುತ್ತಿದ್ದವರು ಶಂಭುಲಿಂಗಯ್ಯ. ಒಳ್ಳೆಯ ಮನುಷ್ಯ, ಆದರೆ ಎಲ್ಲವನ್ನೂ ದಿನಾ ನಾಲ್ಕಕ್ಕೆ ಕೂತು ಒಂದೊಂದು ಮನೆಗೆ ಒಂದೊಂದು ಸಲ ಕೈಯಿಂದಲೇ ಕೀಲಿ ಒತ್ತಿ ಒತ್ತಿ ಮಾಡಬೇಕಿತ್ತು. ಬಸುರಿ ಅರ್ಜಿ ಹಾಕಿದರೆ ಮಗು ಅ ಆ ಬರೆಯುವ ಹೊತ್ತಿಗೆ ಗೋಡೆ ಸರಿಯುತ್ತಿತ್ತು. ಅದಾದರೂ ಪೂರ್ತಿಯಾಗಿ ಆಗುತ್ತಿತ್ತೇ? ಗೋಡೆ ಸರಿಸುವುದು ಒಂದು ಕೆಲಸ, ನೆಲ ಚಾಚುವುದು ಇನ್ನೊಂದು ಕೆಲಸ. ಅವರು ಗೋಡೆ ಸರಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು, ನೆಲ ಮರೆತೇಹೋಗುತ್ತಿತ್ತು. ಒಂದು ಸಲ ನನ್ನ ಮನೆಗೂ ಪಕ್ಕದ ಮಂಚಮ್ಮನ ಮನೆಗೂ ನಡುವಿನ ಗೋಡೆಯನ್ನೇ ಅಡ್ಡಕ್ಕೆ ಸರಿಸಿಬಿಟ್ಟರು. ಅವಳ ಒಂದು ಮೊಳ ಜಾಗ ನನ್ನ ಕಡೆಗೆ ಬಂತು, ನೆಲ ಮಾತ್ರ ಬರಲಿಲ್ಲ. ಅಷ್ಟುದ್ದಕ್ಕೂ ಬರೀ ಮಣ್ಣು. ಮಣ್ಣು ತನ್ನದು ಅಂತ ಅವಳು ನಮ್ಮನೆಗೇ ಬಂದು ಅಲ್ಲಿ ಕೊತ್ತಂಬರಿ ಬೀಜ ಚೆಲ್ಲಿಹೋದಳು. ಬೆಳೆದದ್ದನ್ನು ನಾನು ಕಿತ್ತು ಸಾರಿಗೆ ಹಾಕಿದೆ. ನನ್ನ ಮನೆಯೊಳಗೆ ಬೆಳೆದ ಸೊಪ್ಪನ್ನು ನಾನು ಹಾಕದೆ ಇನ್ಯಾರು ಹಾಕಬೇಕು? ಅವತ್ತಿನಿಂದ ನಮ್ಮಿಬ್ಬರಿಗೆ ಮಾತಿಲ್ಲ. ಹಪ್ಪಳ ಒತ್ತುವ ಕೈ ಅವಳದು, ಬಾಯಿ ಮಾತ್ರ ಒನಕೆ.

ಶಂಭುಲಿಂಗಯ್ಯನವರ ನಂತರ ಯಮುನಾಕ್ಷಿ ಬಂದಳು. ಕನ್ನಡಕದ ಸಣಕಲು ಹುಡುಗಿ, ಆದರೆ ಕೆಲಸಗಾತಿ. ಮನೆ ಮನೆಗೂ ಒತ್ತುವ ಗೋಜೇ ಬೇಡ ಅಂತ ಯಂತ್ರಕ್ಕೆ ಹೇಳಿಕೊಡುವ ಒಂದು ಸ್ಕ್ರಿಪ್ಟು ಬರೆದಳು. ಮನೆಗಳು ಹೇಗಿರಬೇಕು ಅಂತ ಒಂದೇ ಕಡೆ ಬರೆದಿಡುವುದು. ದಿನಾ ನಾಲ್ಕಕ್ಕೆ ಯಂತ್ರ ತಾನೇ ಊರನ್ನೆಲ್ಲ ಅಳೆದು, ಬರೆದ ಹಾಗಿದ್ದರೆ ಸುಮ್ಮನಿರುತ್ತದೆ, ಇಲ್ಲದಿದ್ದರೆ ಹಾಗೆ ಮಾಡುತ್ತದೆ. ಸಾಮಾನು ಮುಕ್ಕಾಲು ದಾಟಿದ ಮನೆಗೆ ಜಾಗ ಸಿಗುತ್ತದೆ, ಗೋಡೆಯೂ ನೆಲವೂ ಒಟ್ಟಿಗೆ. ಅರ್ಜಿಯಿಲ್ಲ, ಕ್ಯೂ ಇಲ್ಲ, ಶಿಫಾರಸ್ಸಿಲ್ಲ. ನಮ್ಮ ಸಾಲಿನ ಹೂ ಕಟ್ಟುವ ಅಕ್ಕತಂಗಿಯರ ಮನೆಯಲ್ಲಿ ದೀಪಾವಳಿಗೆ ಮೂಟೆ ಮೂಟೆ ಚೆಂಡು ಹೂ ಬಂದು ಬಿದ್ದಿತ್ತು. ಯಾರನ್ನೂ ಕೇಳದೆ ಗೋಡೆ ತಾನೇ ಹಿಂದೆ ಸರಿದಾಗ ಆ ಇಬ್ಬರೂ ಗೋಡೆಗೇ ಕುಂಕುಮ ಹಚ್ಚಿದರು. ನಾನೂ ಆ ಹುಡುಗಿಯ ಹೊಟ್ಟೆ ತಣ್ಣಗಿರಲಿ ಅಂದುಕೊಂಡೆ. ಮನಸ್ಸಿನಲ್ಲಿ. ಬಾಯಿಬಿಟ್ಟು ಹೇಳುವ ಅಭ್ಯಾಸ ನನಗಿರಲಿಲ್ಲ. ಯಾರ ಮನೆಗೂ ಒಂದು ಚಿಟಿಕೆ ಉಪ್ಪಿಗೂ ಹೋದವಳಲ್ಲ ನಾನು.

ಆದರೆ ಗುಡ್ಡ ಎಷ್ಟೇ ದೊಡ್ಡದಿರಲಿ, ಡಿಸ್ಕು ಇರುವಷ್ಟೇ ತಾನೆ. ಬರಬರುತ್ತ ಕೊಡಲು ಜಾಗವೇ ಉಳಿಯಲಿಲ್ಲ. ಆಗ ಊರವರೆಲ್ಲ ಒಪ್ಪಿ ಇನ್ನೊಂದು ನಿಯಮ ಸೇರಿಸಿದರು: ಅರ್ಧಕ್ಕಿಂತ ಹೆಚ್ಚು ಖಾಲಿಯಿರುವ ಮನೆಯಿಂದ ಜಾಗ ವಾಪಸ್ ತೆಗೆದು, ತುಂಬಿದ ಮನೆಗೆ ಕೊಡುವುದು. ನಾನೂ ಕೈಯೆತ್ತಿದವಳೇ. ನಮ್ಮದು ಶಾಮಿಯಾನ ಕಟ್ಟುವವರ ಮನೆ. ಬಿದಿರಿನ ಗಳಗಳು, ಹಗ್ಗದ ಸುರುಳಿ, ಬಣ್ಣದ ಬಟ್ಟೆಯ ಗಂಟುಗಳು. ಖಾಲಿ ಅನ್ನುವ ಮಾತು ನಮಗೆ ಸಂಬಂಧವೇ ಇಲ್ಲ ಅಂದುಕೊಂಡಿದ್ದೆ.

ನಮ್ಮನೆಯವರು, ಚಿಕ್ಕರುದ್ರಯ್ಯ, ಗಳ ಹತ್ತಿ ಬಟ್ಟೆ ಕಟ್ಟಿದರೆ ಗಾಳಿ ಬೀಸಿ ಸುಸ್ತಾಗಬೇಕು, ಗಂಟು ಬಿಚ್ಚುತ್ತಿರಲಿಲ್ಲ. ಅಂಥವರು ಒಂದು ಬೆಳಗ್ಗೆ ಹಲ್ಲುಜ್ಜುತ್ತ ನಿಂತವರು ಹಾಗೇ ಕುಸಿದರು. ಲಕ್ವ. ಬಲಗಾಲು, ಬಲಗೈ, ಅರ್ಧ ಮಾತು ಹೋಯಿತು. ಮೊದಲು ಔಷಧಿ, ಆಮೇಲೆ ಊಟ, ಎಲ್ಲಕ್ಕೂ ಗಳ ಮಾರಿದೆ, ಬಟ್ಟೆ ಮಾರಿದೆ. ಕಟ್ಟುವವರೇ ಮಲಗಿದ ಮೇಲೆ ಬಟ್ಟೆ ಇಟ್ಟುಕೊಂಡು ನಾನು ಹೊದ್ದುಕೊಳ್ಳಲೇ? ಮನೆ ಬರಿದಾಯಿತು. ಬರಿದಾದ ಹಾಗೆ ಸಂಜೆ ನಾಲ್ಕಕ್ಕೆ ಗೋಡೆ ಮುಂದೆ ಬಂತು, ಮತ್ತೆ ಮಾರಿದೆ, ಮತ್ತೆ ಬಂತು. ಕೊನೆಗೆ ಇವರ ಮಂಚ, ನನ್ನ ಹೊಲಿಗೆ ಮಷಿನ್ನು, ಒಲೆ, ನಡುವೆ ನಾಲ್ಕು ಹೆಜ್ಜೆ ನೆಲ ಉಳಿಯಿತು.

ವ್ಯಾಯಾಮ ಮಾಡಿಸುವ ಸಾದಿಕ್ ಕೆಳಗಿನ ಆಸ್ಪತ್ರೆಯಿಂದ ವಾರಕ್ಕೊಮ್ಮೆ ಹತ್ತಿ ಬರುತ್ತಿದ್ದ. ಅವನು ಇವರ ಕಾಲು ಮಡಚಿ ಬಿಡಿಸಿ ನೋಡಿ, ನನ್ನನ್ನು ಬಾಗಿಲ ಹತ್ತಿರ ಕರೆದ.

"ಅಕ್ಕಾ, ಅಣ್ಣನ ಕಾಲಲ್ಲಿ ಇನ್ನೂ ಜೀವ ಇದೆ. ಆದರೆ ದಿನಾ ನಡೆಸಬೇಕು. ನೆಟ್ಟಗೆ ಒಂದಿಪ್ಪತ್ತು ಹೆಜ್ಜೆ, ತಿರುಗದೆ. ತಿರುಗೋವಾಗ ಬೀಳ್ತಾರೆ, ಬಿದ್ದರೆ ಹೆದರ್ತಾರೆ. ಈ ಮಳೆಗಾಲ ಮುಗಿಯೋದ್ರೊಳಗೆ ಕಾಲು ಎದ್ದರೆ ಎದ್ದ ಹಾಗೆ. ಇಲ್ಲಾಂದ್ರೆ ಮಂಚವೇ ಗತಿ."

"ಇಲ್ಲಿ ಎಲ್ಲಿ ನಡೆಸ್ಲಪ್ಪ? ಗೋಡೆ ಮೇಲಾ?"

ಅವನು ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಇಳಿದ. ನಾನು ಇವರನ್ನು ಎಬ್ಬಿಸಿ ನಡೆಸಿದೆ. ನಾಲ್ಕು ಹೆಜ್ಜೆ, ಗೋಡೆ, ತಿರುಗಿ, ದಬಾರ್. ಎರಡು ಸಲ ಬಿದ್ದ ಮೇಲೆ ಇವರು ಎಡಗೈಯಿಂದ ಮಂಚದ ಕಾಲು ಹಿಡಿದುಕೊಂಡು, ಏಳುವುದೇ ಇಲ್ಲ ಅಂತ ತಲೆಯಾಡಿಸಿದರು. ತೆಂಗಿನ ಮರದಷ್ಟು ಎತ್ತರ ಹತ್ತುತ್ತಿದ್ದವರು ನೆಲಕ್ಕೆ ಹೆದರಿದರು.

ಸೀದಾ ಆಪೀಸಿಗೆ ಹೋದೆ.

"ಏನು ತಾಯಿ, ನಿನ್ನ ಯಂತ್ರಕ್ಕೆ ಕಣ್ಣಿಲ್ವಾ?" ಅಂತ ಬಾಗಿಲಲ್ಲೇ ಶುರು ಮಾಡಿದೆ. "ಮೂಟೆ ಇಟ್ಟೋರಿಗೆ ಜಾಗ, ಮನುಷ್ಯ ಇಟ್ಟೋರಿಗೆ ಇಲ್ವಾ?"

ಯಮುನಾಕ್ಷಿ ಎದ್ದು ಕುರ್ಚಿ ಸರಿಸಿಕೊಟ್ಟಳು. ಎಲ್ಲ ಕೇಳಿದಳು. "ಅಮ್ಮಾ, ಯಂತ್ರ ಸಾಮಾನನ್ನ ಮಾತ್ರ ಅಳೆಯುತ್ತೆ. ಮನುಷ್ಯರು ಎದ್ದು ಓಡಾಡ್ತಾರೆ, ಅವರನ್ನ ಹೇಗೆ ಅಳೆಯೋದು ಅಂತ ಬಿಟ್ಟಿದ್ದೆ. ನೀವು ಕೇಳ್ತಿರೋದು ಖಾಲಿ ಜಾಗ. ಖಾಲಿ ಕಂಡರೆ ಅದು ವಾಪಸ್ ತಗೊಳ್ಳುತ್ತೆ."

"ಹಾಗಾದ್ರೆ ನೀನೇ ಕೈಯಲ್ಲಿ ಮಾಡಿಕೊಡು."

ಅವತ್ತಿನ ನಾಲ್ಕರ ಗಂಟೆ ಆಗಲೇ ಹೊಡೆದಾಗಿತ್ತು. ಅವಳು ಆಪೀಸಿನ ಪಡಸಾಲೆಯ ಪಾಲಿನಿಂದಲೇ ಕಡ ತೆಗೆದು, ಟಕಟಕ ಒತ್ತಿದಳು. ಮನೆಗೆ ಬಂದು ನೋಡಿದರೆ ಗೋಡೆ ಹಿಂದೆ ಹೋಗಿತ್ತು. ಮಾರನೆಯ ಬೆಳಗ್ಗೆ ಇವರು ನನ್ನ ಹೆಗಲು ಹಿಡಿದು ಒಂದೇ ದಿಕ್ಕಿಗೆ ಹನ್ನೊಂದೋ ಹನ್ನೆರಡೋ ಹೆಜ್ಜೆ ಇಟ್ಟರು. ಅರ್ಧ ಬಾಯಲ್ಲಿ ನಕ್ಕರು. ಸಂಜೆ ನಾಲ್ಕಕ್ಕೆ ಅಕ್ಕಿ ಸುರಿದ ಸದ್ದಾಯಿತು, ಗೋಡೆ ಮತ್ತೆ ಮಂಚದ ಹತ್ತಿರ ಬಂದು ನಿಂತಿತು. ಯಾರ ತಪ್ಪೂ ಅಲ್ಲ. ಕೈಯಿಂದ ಮಾಡಿದ್ದು ಬರೆದಿಟ್ಟದ್ದಕ್ಕೆ ಹೊಂದಲಿಲ್ಲ, ಯಂತ್ರ ಸರಿಪಡಿಸಿತು. ಯಮುನಾಕ್ಷಿ ತಾನೇ ಮೆಟ್ಟಿಲು ಹತ್ತಿ ಬಂದು, "ನಿಮ್ಮೊಬ್ಬರಿಗೆ ಅಂತ ನಿಯಮ ಮುರಿದರೆ ಮತ್ತೆ ಶಿಫಾರಸ್ಸಿನ ಕಾಲವೇ ಬರುತ್ತೆ ಅಮ್ಮ. ಎಲ್ಲರಿಗೂ ಒಪ್ಪೋ ಥರ ಏನಾದರೂ ಬರೀಬೇಕು. ಹೊಳೀತಿಲ್ಲ" ಅಂದಳು. ಅವಳ ಕಣ್ಣಲ್ಲೂ ನೀರಿತ್ತು.

ಈ ಮಾತು ಪಕ್ಕದ ಮನೆಗೆ ಕೇಳಿಸಿರಬೇಕು. ನಮ್ಮ ಸಾಲಿನಲ್ಲಿ ಐದು ಮನೆ, ಗುಡ್ಡದ ಒಂದೇ ಹಂತದ ಮೇಲೆ ಅಂಟಿಕೊಂಡಿವೆ. ಒಬ್ಬರು ಸೀನಿದರೆ ಇನ್ನೊಬ್ಬರು ನೂರು ವರ್ಷ ಬದುಕು ಅನ್ನುವಷ್ಟು ಹತ್ತಿರ. ಮರುದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ತೆಗೆದರೆ ಮಂಚಮ್ಮ. ತಲೆಯ ಮೇಲೆ ಹಪ್ಪಳದ ಹಲಗೆಗಳ ಅಟ್ಟಿ. ತನ್ನ ಮೆಟ್ಟಿಲು ಇಳಿದು ನಮ್ಮ ಮೆಟ್ಟಿಲು ಹತ್ತಿ ಬಂದಿದ್ದಳು, ಏದುಸಿರು ಬಿಡುತ್ತಿದ್ದಳು.

"ಬಾಗಿಲಿಗೆ ಅಡ್ಡ ನಿಂತ್ಕೋಬೇಡ, ಸರಿ ಅತ್ಲಾಗೆ."

"ಏನೇ ಇದು? ನನಗೇನೂ ಬೇಡ."

"ನಿನಗೆ ಯಾರು ಕೊಟ್ರು? ರುದ್ರಣ್ಣಂಗೆ. ಗಂಟೆ ಹೊಡೆಯೋ ಹೊತ್ತಿಗೆ ಮನೆ ತುಂಬಿರ್ಬೇಕು, ಅಷ್ಟೇ ತಾನೆ ಯಂತ್ರಕ್ಕೆ? ತುಂಬ್ಸೋಣ. ಗೋಡೆ ಹಿಂದೆ ಹೋಗ್ಲಿ. ಆಮೇಲೆ ಸಾಮಾನೆಲ್ಲ ಎತ್ಕೊಂಡು ಹೋಗ್ತೀವಿ, ಅವನು ಬೆಳಗ್ಗೆಲ್ಲ ನಡೀಲಿ. ನಾಳೆ ನಾಲ್ಕಕ್ಕೆ ಮತ್ತೆ ತುಂಬ್ಸೋಣ."

"ಬೇಡ ಅಂದ್ನಲ್ಲ."

"ನೀನು ಬೇಡ ಅಂತೀಯ ಅಂತ ಗೊತ್ತಿದ್ದೇ ಬಂದಿರೋದು" ಅಂತ ಒಳಗೆ ನುಗ್ಗಿ ಹಲಗೆ ಇಳಿಸಿದಳು. ಮತ್ತೆ ಹೋದಳು, ಮತ್ತೆ ತಂದಳು. ಮೆಟ್ಟಿಲು ಮೆಟ್ಟಿಲಿಗೂ ಕೂತು ಎದ್ದು ಬರುತ್ತಿದ್ದಳು. ಯಾಕೆ ಅಂತ ಕೇಳಿದರೆ ಹಲಗೆ ಭಾರ ಅಂದಳು. ಅಷ್ಟರಲ್ಲಿ ಪಾತ್ರೆ ಬಾಡಿಗೆಗೆ ಕೊಡುವ ಬೋರೇಗೌಡ ಕೊಪ್ಪರಿಗೆ ಉರುಳಿಸಿಕೊಂಡು ಬಂದ. ಅಕ್ಕತಂಗಿಯರು ಹೂವಿನ ಬುಟ್ಟಿ, ದಾರದ ಮೂಟೆ ತಂದರು. ಕೊನೆ ಮನೆಯ ಕಮ್ಮಾರ ವೀರಾಚಾರಿ ಕಬ್ಬಿಣ ಬಡಿಯುವ ಅಡಿಗಲ್ಲನ್ನೇ ಹೊತ್ತು ತಂದು ನಮ್ಮ ಒಲೆ ಪಕ್ಕ ಇಟ್ಟ. ಇವರು ಮಂಚದ ಮೇಲೆ ಕೂತು, ಸುತ್ತ ಏರುತ್ತಿರುವ ಸಾಮಾನನ್ನು ನೋಡುತ್ತ, ಮಗುವಿನ ಹಾಗೆ ಕಣ್ಣರಳಿಸಿದ್ದರು. ನನಗೆ ಎಲ್ಲಿ ನಿಲ್ಲಬೇಕು ಅಂತಲೇ ತೋಚಲಿಲ್ಲ. ಕೊಟ್ಟು ಗೊತ್ತಿದ್ದವಳಿಗೆ ತೆಗೆದುಕೊಳ್ಳುವಾಗ ಕೈ ಎಲ್ಲಿಟ್ಟುಕೊಳ್ಳಬೇಕೋ ಗೊತ್ತಾಗುವುದಿಲ್ಲ.

ಗಂಟೆ ಹೊಡೆಯಿತು. ನಮ್ಮ ಗೋಡೆ ಹಿಂದೆ ಹೋಯಿತು ನೋಡಿ, ಹೋಯಿತು, ಹೋಗುತ್ತಲೇ ಇತ್ತು! ಎಲ್ಲರೂ ಹೋ ಅಂತ ಕೂಗಿದರು. ಬೋರೇಗೌಡ ಕೊಪ್ಪರಿಗೆಗೆ ಸೌಟಿನಿಂದ ಹೊಡೆದ. ಆ ಗದ್ದಲ ನಿಂತ ಮೇಲೆ ಅಕ್ಕಿ ಸುರಿಯುವ ಸದ್ದು ಇನ್ನೂ ಕೇಳುತ್ತಿತ್ತು. ನಮ್ಮ ಮನೆಯಲ್ಲಲ್ಲ.

ಮಂಚಮ್ಮ ಎದೆಗೆ ಕೈ ಇಟ್ಟುಕೊಂಡಳು. "ಅಯ್ಯಯ್ಯೋ, ನಮ್ಮನೆ!"

ನಮ್ಮೂರಿನವರಲ್ಲದೆ ಬೇರೆ ಯಾರೂ ಇಂಥ ತಪ್ಪು ಮಾಡಲಾರರು. ಎಲ್ಲರೂ ನನ್ನ ಮನೆ ತುಂಬಿಸುವುದನ್ನು ನೋಡಿದರೇ ಹೊರತು ತಮ್ಮ ಮನೆ ಬರಿದಾಗುವುದನ್ನು ಯಾರೂ ನೋಡಲಿಲ್ಲ. ಸಾಮಾನಿಲ್ಲದ ನಾಲ್ಕು ಮನೆಯನ್ನು ಯಂತ್ರ ಕುಗ್ಗಿಸಿ, ಆ ಜಾಗವನ್ನೆಲ್ಲ ನನಗೆ ಕೊಟ್ಟಿತ್ತು. ಮಂಚಮ್ಮನ ಅಡುಗೆಮನೆ ಗೂಡಂಗಡಿಯಷ್ಟಾಗಿತ್ತು. ಬೋರೇಗೌಡನ ಕೊಪ್ಪರಿಗೆ ಅವನ ಮನೆಯೊಳಗೆ ಹೋಗಲೇ ಇಲ್ಲ. ತಂತಮ್ಮ ಮನೆಯಲ್ಲಿ ಹಿಡಿದಷ್ಟನ್ನು ಹೊತ್ತುಕೊಂಡು ಹೋದರು, ಮಿಕ್ಕದ್ದೆಲ್ಲ ನನ್ನಲ್ಲೇ ಉಳಿಯಿತು. ಅಷ್ಟು ದೊಡ್ಡ ಮನೆಯಲ್ಲಿ ಇವರಿಗೆ ನಡೆಯಲು ಮತ್ತೆ ಅದೇ ನಾಲ್ಕು ಹೆಜ್ಜೆ. ಸಾಮಾನು ವಾಪಸ್ ಕೊಟ್ಟರೆ ನನ್ನ ಗೋಡೆ ಮುಂದೆ ಬರುತ್ತದೆ, ಇಟ್ಟುಕೊಂಡರೆ ದಾರಿಯಿಲ್ಲ.

ಬೈಗುಳಕ್ಕೆ ಕಾದು ಕೂತೆ. ಯಾರೂ ಬೈಯಲಿಲ್ಲ. ಮಂಚಮ್ಮ ತನ್ನ ಬಾಗಿಲಲ್ಲಿ ಕಾಲು ಚಾಚಿ ಕೂತು ಹಪ್ಪಳ ಒತ್ತುತ್ತ, ದಾರಿಹೋಕರಿಗೆಲ್ಲ, "ನನ್ನ ಮನೆ ನೋಡ್ರಪ್ಪ, ಒಳಗೆ ಕೂತ್ರೆ ಮೂಗು ಹೊರಗೆ" ಅಂತ ಹೇಳಿ ನಗಿಸುತ್ತಿದ್ದಳು. ಆ ನಗು ಕೇಳಿ ನಾನು ಒಳಗೆ ಹೂವಿನ ಬುಟ್ಟಿಗಳ ನಡುವೆ ಕೂತು ಅತ್ತೆ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ.

ಮಾರನೆಯ ಬೆಳಗ್ಗೆ ಯಮುನಾಕ್ಷಿ ಓಡೋಡಿ ಬಂದಳು. "ಒಂದು ಮನೆ ಉಬ್ಬಿದೆ, ನಾಲ್ಕು ಕುಗ್ಗಿವೆ! ಡಿಸ್ಕೇ ಕೆಟ್ಟುಹೋಯ್ತು ಅಂತ ನನ್ನ ಜೀವ ಬಾಯಿಗೆ ಬಂದಿತ್ತು." ಒಳಗೆ ಬಂದು ಅಡಿಗಲ್ಲು, ಕೊಪ್ಪರಿಗೆ, ಹಲಗೆಗಳನ್ನು ನೋಡಿ ಮೆಲ್ಲಗೆ ಕೂತಳು. ಸಾಲಿನವರೆಲ್ಲ ಬಾಗಿಲಲ್ಲಿ ಸೇರಿದರು. ಒಬ್ಬೊಬ್ಬರದು ಒಂದೊಂದು ಸಲಹೆ. ಯಾವುದಕ್ಕೂ ಅವಳು, "ಆದರೆ ಆ ಜಾಗ ಯಾರ ಮನೆ ಲೆಕ್ಕಕ್ಕೆ?" ಅನ್ನುತ್ತಿದ್ದಳು.

ಆಗ ಮಂಚದ ಮೇಲಿಂದ ಇವರು, "ಬ... ಬಟ್ಟೆ" ಅಂದರು.

ಹೊದಿಕೆ ಬೇಕೇನೋ ಅಂತ ಹತ್ತಿರ ಹೋದೆ. ಬೇಡ ಅಂತ ಕೈ ಕೊಡವಿದರು. ಎಡಗೈಯಿಂದ ಈ ತುದಿಯಿಂದ ಆ ತುದಿಗೆ ಗಾಳಿಯಲ್ಲಿ ಗೆರೆ ಎಳೆದರು. "ಒಂದೇ... ಬಟ್ಟೆ. ಐ... ಐದು ಮನೆ."

ನನಗೆ ತಿಳಿಯಿತು. ನಮ್ಮ ಸಾಲಿನಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಇವರು ಐದೂ ಬಾಗಿಲಿನ ಮುಂದೆ ಸೇರಿಸಿ ಒಂದೇ ಶಾಮಿಯಾನ ಕಟ್ಟುತ್ತಿದ್ದರು. ಮೊದಲ ಗಳ ವೀರಾಚಾರಿಯ ಬಾಗಿಲಲ್ಲಿ, ಕೊನೆಯದು ನಮ್ಮಲ್ಲಿ. ಯಾರ ಬಾಗಿಲ ಮೇಲೆ ಎಷ್ಟು ಬಟ್ಟೆ ಅಂತ ಯಾರೂ ಕೇಳಿದ್ದಿಲ್ಲ. "ಶಾಮಿಯಾನ ಅಂತಿದಾರೆ ತಾಯಿ" ಅಂದೆ. "ಯಾರ ಮನೆಯದೂ ಅಲ್ಲ, ಎಲ್ಲರ ಮನೆಗೂ ಸೇರಿದ್ದು."

ಯಮುನಾಕ್ಷಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಒರೆಸುತ್ತಲೇ ಇದ್ದಳು. "ಒಂದು ಬೇರೆ ಪಾಲು," ಅಂದಳು. "ಮನೆಯೇ ಅಲ್ಲದ ಪಾಲು. ಐದೂ ಮನೆಯ ಹಿಂದೆ ಉದ್ದಕ್ಕೆ ಒಂದೇ ಓಣಿ. ಪ್ರತಿಯೊಬ್ಬರೂ ತಮ್ಮ ಪಾಲಿನಿಂದ ಮೂರು ಮೊಳ ಬಿಟ್ಟುಕೊಡಬೇಕು. ಯಾವ ಸಾಲಿನವರು ಹೀಗೆ ಕೊಟ್ಟರೂ ಅವರಿಗೂ ಸಿಗುತ್ತೆ ಅಂತ ಬರೆದರೆ ಅದು ಎಲ್ಲರ ನಿಯಮ, ಶಿಫಾರಸ್ಸಲ್ಲ." ಅಷ್ಟು ಹೇಳಿ ಮತ್ತೆ ಮುಖ ಸಪ್ಪಗಾಯಿತು. "ಆದರೆ ಯಂತ್ರ ಏನನ್ನಾದರೂ ಅಳೆಯಲೇಬೇಕು. ಖಾಲಿ ಇದ್ದರೆ ಮತ್ತೆ ಐದು ಮನೆಗೂ ಹಂಚಿಬಿಡುತ್ತೆ."

"ಅಲ್ಲಿ ನಡಿಯೋರಿದ್ರೆ?" ಅಂತ ಕೇಳಿದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಆ ಓಣಿಗೆ ಮಾತ್ರ ಸಾಮಾನಲ್ಲ, ನಡೆಯೋ ಕಾಲು ಲೆಕ್ಕ. ನಾಲ್ಕರ ಗಂಟೆಗೆ ಅಲ್ಲಿ ಯಾರಾದರೂ ನಡೀತಿದ್ದರೆ ಓಣಿ ಉಳಿಯುತ್ತೆ. ಒಂದು ದಿನ ಯಾರೂ ನಡೆಯದಿದ್ದರೆ ಜಾಗ ಅವರವರ ಮನೆಗೆ ವಾಪಸ್. ಬರೀಬಹುದು ಅಮ್ಮ. ಇದನ್ನ ಬರೀಬಹುದು!"

"ನನ್ನದು ಮೂರು ಮೊಳ ತಗೋ," ಅಂದಳು ಮಂಚಮ್ಮ, ಎಲ್ಲರಿಗಿಂತ ಮೊದಲು. ಹಪ್ಪಳ ಒಣಗಿಸಲು ಇರುವ ಜಾಗವೇ ಸಾಲದವಳು. ಬೋರೇಗೌಡ ತನ್ನ ಕೊಪ್ಪರಿಗೆಯನ್ನು ಒಂದು ಸಲ ನೋಡಿ, "ಹೊರಗೆ ಮಗುಚಿ ಹಾಕ್ತೀನಿ ಬಿಡಿ, ಅದಕ್ಕೇನು ನೆಗಡಿ ಆಗುತ್ತಾ" ಅಂದ. ಅಕ್ಕತಂಗಿಯರು, ವೀರಾಚಾರಿ, ಎಲ್ಲರೂ ಹೂಂ ಅಂದರು. ನನ್ನ ಸರದಿ ಬಂತು. ಎಲ್ಲರ ಹೊಟ್ಟೆ ತಣ್ಣಗಿರಲಿ ಅನ್ನಬೇಕು ಅಂತಿದ್ದೆ. "ಕಾಫಿ ಕುಡ್ಕೊಂಡು ಹೋಗಿ" ಅಂದೆ.

ಸಾಮಾನು ಅವರವರ ಮನೆಗೆ ಹೊತ್ತು, ಮೊದಲಿನಂತೆ ಆಗಲು ಕೆಲವು ದಿನ ಹಿಡಿಯಿತು. ಆಮೇಲೆ ಒಂದು ಸಂಜೆ ನಾಲ್ಕಕ್ಕೆ ಐದು ಮನೆಯ ಹಿಂದಿನ ಗೋಡೆಗಳೂ ಒಟ್ಟಿಗೆ ಮುಂದೆ ಬಂದವು. ಎಲ್ಲರ ಮನೆಯೂ ಕಿರಿದಾಯಿತು, ಆದರೂ ಐದು ಮನೆಯಲ್ಲೂ ಪಾಯಸ ಮಾಡಿದ್ದರು. ಗೋಡೆಗಳಲ್ಲಿ ಒಂದೊಂದು ಸಣ್ಣ ಬಾಗಿಲು, ಬಾಗಿಲಾಚೆ ಉದ್ದನೆಯ ಓಣಿ, ಮಾಡಿನ ಕಿಂಡಿಯಿಂದ ಬೆಳಕು. ಇವರ ಹಳೆಯ ಹಗ್ಗವೊಂದು ಮಾರದೆ ಉಳಿದಿತ್ತು. ವೀರಾಚಾರಿ ಗೂಟ ಹೊಡೆದು ಅದನ್ನು ಸೊಂಟದೆತ್ತರಕ್ಕೆ ಉದ್ದಕ್ಕೂ ಬಿಗಿದ. ಗಂಟು ಮಾತ್ರ ಇವರೇ ಹಾಕಬೇಕು ಅಂತ ಹಟ ಹಿಡಿದು, ಎಡಗೈಯಲ್ಲಿ, ಹಲ್ಲಿನಿಂದ ಎಳೆದು ಹಾಕಿದರು.

ಇವರು ನಡೆದರು. ಕಬ್ಬಿಣದ ವಾಸನೆ ಬಂದರೆ ವೀರಾಚಾರಿಯ ಬಾಗಿಲು, ಸೇವಂತಿಗೆ ಅಂದರೆ ಅಕ್ಕತಂಗಿಯರು, ಹುಣಸೆಹಣ್ಣು ಅಂದರೆ ಬೋರೇಗೌಡ ಪಾತ್ರೆ ಉಜ್ಜುತ್ತಿದ್ದಾನೆ, ಇಂಗು ಅಂದರೆ ಮಂಚಮ್ಮ. ಪ್ರತಿ ಬಾಗಿಲಲ್ಲೂ ಯಾರಾದರೊಬ್ಬರು, "ಬಾ ರುದ್ರಣ್ಣ, ಇನ್ನೊಂದು ಹೆಜ್ಜೆ" ಅನ್ನುತ್ತಿದ್ದರು. ಬೆಳಗಿನ ನಡಿಗೆಯಲ್ಲಿ ದಣಿದು ನಾಲ್ಕಕ್ಕೆ ಇವರು ಮಲಗಿಬಿಟ್ಟರೆ ಸಾಲಿನವರೇ ಸರದಿ ಮೇಲೆ ಓಣಿಯಲ್ಲಿ ನಡೆದು ಜಾಗ ಉಳಿಸುತ್ತಿದ್ದರು. ಬೋರೇಗೌಡ ನಡೆದರೆ ಆನೆ ಹೋದ ಹಾಗೆ. ಮಂಚಮ್ಮ ಮಾತ್ರ ತನ್ನ ಸರದಿಯಲ್ಲಿ ಬಾಗಿಲು ಹಾಕಿಕೊಳ್ಳಿ ಅನ್ನುತ್ತಿದ್ದಳು. ಹೆಂಗಸು ನಡೆಯೋದನ್ನ ಯಾಕೆ ನೋಡ್ತೀರ, ಕೆಲಸ ಇಲ್ವಾ ಅಂತ. ಸಾದಿಕ್ ಬಂದಾಗಲೆಲ್ಲ ಓಣಿಯ ಈ ತುದಿಯಲ್ಲಿ ನಿಂತು ಇವರು ಆ ತುದಿ ಮುಟ್ಟುವುದನ್ನು ನೋಡಿ ತಲೆದೂಗುತ್ತಿದ್ದ. ಮಳೆಗಾಲ ಮುಗಿಯುವ ಹೊತ್ತಿಗೆ ಇವರು ಹಗ್ಗ ಬಿಟ್ಟರು. ಚಳಿ ಶುರುವಾದಾಗ ಕೋಲು ಹಿಡಿದು ನಮ್ಮ ಮೆಟ್ಟಿಲು ಇಳಿದು ಹಾಲು ತಂದರು. ಅರ್ಧ ಹಾಲು ಚೆಲ್ಲಿತ್ತು. ಉಳಿದ ಅರ್ಧದಲ್ಲಿ ಕಾಸಿದ ಕಾಫಿಯಷ್ಟು ರುಚಿಯಾದ ಕಾಫಿಯನ್ನು ನಾನು ಜನ್ಮದಲ್ಲಿ ಕುಡಿದಿಲ್ಲ.

ಇನ್ನು ಓಣಿ ಯಾಕೆ? ಅವರವರ ಜಾಗ ಅವರಿಗೆ ಹೋಗಲಿ ಅಂತ ನಾನೇ ಎಲ್ಲರ ಮನೆಗೆ ಹೋಗಿ ಹೇಳಿದೆ. ಋಣ ಇಟ್ಟುಕೊಂಡು ಮಲಗಿದರೆ ನಿದ್ದೆ ಬರದ ಜಾತಿ ನನ್ನದು. ಏನೂ ಮಾಡಬೇಕಿಲ್ಲ, ಒಂದು ದಿನ ನಾಲ್ಕಕ್ಕೆ ಯಾರೂ ನಡೆಯದಿದ್ದರೆ ಸಾಕು. ದಿನ ಗೊತ್ತು ಮಾಡಿದೆವು. ಗಂಟೆಗೆ ಮುಂಚೆಯೇ ಐದು ಮನೆಯವರೂ ಮುಂಬಾಗಿಲಾಚೆ ಮೆಟ್ಟಿಲ ಮೇಲೆ ಕೂತೆವು. ಯಮುನಾಕ್ಷಿಯೂ ಬಂದಿದ್ದಳು, ನಿಯಮ ಸರಿಯಾಗಿ ನಡೆಯುತ್ತದೋ ನೋಡಲು. ಗಂಟೆ ಹೊಡೆಯಿತು. ಅಕ್ಕಿ ಸುರಿಯುವ ಸದ್ದಿಗೆ ಕಿವಿ ಕೊಟ್ಟು ಕೂತೆವು.

ಸದ್ದಿಲ್ಲ.

ಯಮುನಾಕ್ಷಿ ಉಗುರು ಕಚ್ಚಿದಳು. ಆಗ ಒಳಗಿನಿಂದ ಕೇಳಿತು: ಒಂದು ಗಟ್ಟಿ ಹೆಜ್ಜೆ, ಒಂದು ಎಳೆದ ಹೆಜ್ಜೆ. ಪಕ್ಕಕ್ಕೆ ತಿರುಗಿ ನೋಡಿದರೆ ಇವರಿಲ್ಲ. ಎದ್ದು ಓಡಿದೆ. ಓಣಿಯ ನಡುವೆ ಕೋಲೂರಿಕೊಂಡು ನಡೆಯುತ್ತಿದ್ದರು.

"ರೀ, ಏನು ಮಾಡ್ತಿದ್ದೀರ? ನೀವು ನಡೀತಿದ್ರೆ ಅವರ ಜಾಗ ಹೇಗೆ ಹೋಗುತ್ತೆ ಅವರಿಗೆ? ಬನ್ನಿ ಹೊರಗೆ, ಮರ್ಯಾದೆ ಕಳೀಬೇಡಿ."

ಇವರು ನಿಲ್ಲಲಿಲ್ಲ. ಪಕ್ಕದ ಮನೆಯ ಗೋಡೆಯ ಕಡೆ ಕೋಲು ತೋರಿಸಿ, "ಮಂಚಿ," ಅಂದರು. ಆಮೇಲೆ ಕೋಲಿನಿಂದ ತಮ್ಮ ಮಂಡಿಗೆ ತಟ್ಟಿದರು. "ಕೇ... ಕೇಳಿದೀನಿ. ನನ್ನ ಹಾಗೇ ನಡೀತಾಳೆ."

ನಿಂತಲ್ಲೇ ನಿಂತೆ. ಮಲಗಿದ ಮನುಷ್ಯ, ಗೋಡೆಯಾಚೆ ಸರದಿಯ ಹೆಜ್ಜೆಗಳನ್ನು ಕೇಳುತ್ತ ದಿನ ದೂಡಿದವರು. ಅವರಿಗೆ ತಿಳಿದದ್ದು ಎರಡು ಕಣ್ಣಿದ್ದ ನನಗೆ ತಿಳಿದಿರಲಿಲ್ಲ. ಮೆಟ್ಟಿಲು ಮೆಟ್ಟಿಲಿಗೂ ಕೂತು ಹಲಗೆ ಹೊತ್ತು ತಂದಿದ್ದಳಲ್ಲ. ಬಾಗಿಲು ಹಾಕಿಕೊಳ್ಳಿ ಅನ್ನುತ್ತಿದ್ದಳಲ್ಲ. ಬಾಗಿಲಲ್ಲಿ ಕಾಲು ಚಾಚಿಯೇ ಕೂರುತ್ತಿದ್ದಳಲ್ಲ.

ಹೊರಗೆ ಬಂದೆ. ಮಂಚಮ್ಮ ತನ್ನ ಮೆಟ್ಟಿಲ ಮೇಲೆ ಕೂತು ಸೀರೆ ಮೇಲಿಂದಲೇ ಮಂಡಿ ನೀವಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಕೈ ತೆಗೆದಳು.

"ಏಳು ನೋಡೋಣ," ಅಂದೆ.

"ಯಾಕೆ ಏಳ್ಬೇಕು? ಕೂತಿರೋದು ನನ್ನ ಮೆಟ್ಟಿಲು."

"ಗೋಡೆ ಹಿಡೀದೆ ಏಳೇ."

"ಹೋಗೇ, ನನಗೇನಾಗಿದೆ! ನನ್ನ ಮೂರು ಮೊಳ ನನಗೆ ಬರಬೇಕು, ಹಪ್ಪಳ ಒಣಗ್ಸೋಕೆ ಜಾಗ ಇಲ್ಲ ನನಗೆ. ನನಗೆ ಯಾರದೂ ಏನೂ ಬೇಡ."

ನನ್ನ ಮಾತನ್ನೇ ಅವಳ ಬಾಯಲ್ಲಿ ಕೇಳಿ ನಗು ಬಂತು, ಅಳುವೂ ಬಂತು. "ಹಲಗೆ ಹೊತ್ತು ಬಂದಾಗ ನಾನು ಬೇಡ ಅಂದ್ರೆ ನೀನು ಕೇಳಿದ್ಯಾ?"

"ಇಲ್ಲ."

"ನಾನೂ ಕೇಳಲ್ಲ. ಹಪ್ಪಳ ನಮ್ಮನೇಲಿ ಒಣಗ್ಸು. ಸಾದಿಕ್ ಬರಲಿ, ಮಂಡಿ ತೋರ್ಸೋಣ. ಈಗ ಏಳು."

ಕೈ ಚಾಚಿದೆ. ಅವಳು ಆ ಕೈಯನ್ನು ನೋಡಿದಳು, ಅತ್ತ ನೋಡಿದಳು, ಬೋರೇಗೌಡನನ್ನು ದುರುಗುಟ್ಟಿ ನೋಡಿದಳು, ಅವನು ಮೆಟ್ಟಿಲು ಎಣಿಸುವ ಹಾಗೆ ತಲೆ ತಗ್ಗಿಸಿದ. ಕೊನೆಗೆ ಹಿಡಿದಳು. ಹಿಟ್ಟು ಮೆತ್ತಿದ ಒರಟು ಕೈ, ನನ್ನದರಷ್ಟೇ ಒರಟು. ಏಳುವಾಗ ಅವಳ ಭಾರವೆಲ್ಲ ನನ್ನ ಮೇಲೆ ಬಿತ್ತು, ಇಬ್ಬರೂ ಬೀಳುವುದರಲ್ಲಿದ್ದೆವು. ಅವಳ ಅಡುಗೆಮನೆ ದಾಟಿ, ಸಣ್ಣ ಬಾಗಿಲು ತೆಗೆದು, ಓಣಿಗೆ ಇಳಿದೆವು. ಇವರು ಆ ತುದಿಯಿಂದ ಬರುತ್ತಿದ್ದವರು ನಮ್ಮನ್ನು ಕಂಡು ಪಕ್ಕಕ್ಕೆ ಸರಿದು, ಹಗ್ಗದ ಕಡೆಯ ದಾರಿ ಬಿಟ್ಟುಕೊಟ್ಟರು. ಮಂಚಮ್ಮ ಹಗ್ಗ ಹಿಡಿದಳು.

ಎರಡು ಹೆಜ್ಜೆ ಇಟ್ಟ ಮೇಲೆ ಅಂದೆ, "ನಿನ್ನ ಹೊಟ್ಟೆ ತಣ್ಣಗಿರಲಿ ಕಣೇ ಮಂಚಿ. ನನ್ನ ಗಂಡನ್ನ ನನಗೆ ಎಬ್ಬಿಸಿಕೊಟ್ಟೆ."

ಅವಳು ಇನ್ನೊಂದು ಹೆಜ್ಜೆ ಇಟ್ಟಳು. ಮೂಗು ಏರಿಸಿಕೊಂಡ ಸದ್ದಾಯಿತು.

"ನನ್ನ ಕೊತ್ತಂಬರಿ ತಿಂದಿದ್ದೀಯಲ್ಲ, ಅದಕ್ಕೇನು ಹೇಳ್ತೀಯ?"

"ರುಚಿಯಾಗಿತ್ತು ಅಂತೀನಿ. ಮಾತು ಸಾಕು, ಕಾಲೆತ್ತಿ ಹಾಕು."